ಕಾಣದ ಅಕ್ಷರ, ತಿಳಿಯದ ಅಕ್ಷರ: ಮನೆಯಲ್ಲಿ ಮೊಬೈಲಿನಿಂದ ದೃಷ್ಟಿ ಪರೀಕ್ಷೆ

ತರಗತಿ: 5ರಿಂದ 8
ಅವಧಿ: ಎರಡು ಪೀರಿಯಡ್‌ಗಳು ಮತ್ತು ಮನೆಯಲ್ಲಿ ಮಾಡುವ ಒಂದು ಚಟುವಟಿಕೆ
ಸಂಬಂಧಿಸಿದ ವಿಷಯಗಳು: ಕನ್ನಡ, ವಿಜ್ಞಾನ, ಗಣಿತ

ಕಲಿಕೆಯ ಉದ್ದೇಶಗಳು

ಈ ಪಾಠದ ಕೊನೆಗೆ ವಿದ್ಯಾರ್ಥಿಯು ದೃಷ್ಟಿಯ ಅಳತೆ ಯಾವ ತತ್ತ್ವದ ಮೇಲೆ ನಿಂತಿದೆ ಎಂಬುದನ್ನು ವಿವರಿಸುವನು. ಮನೆಯವರ ಕಣ್ಣನ್ನು ಮೊಬೈಲಿನ ನೆರವಿನಿಂದ ಕ್ರಮಬದ್ಧವಾಗಿ ಪರೀಕ್ಷಿಸುವನು. ಆ ಪರೀಕ್ಷೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಬೇರ್ಪಡಿಸಿ ತಿಳಿಯುವನು. ಶಿಕ್ಷಕರ ಪಾಲಿಗೆ ಇನ್ನೊಂದು ಉದ್ದೇಶವಿದೆ. ಓದಿನಲ್ಲಿ ಹಿಂದುಳಿದಂತೆ ತೋರುವ ಮಗುವಿನ ತೊಡಕು ಭಾಷೆಯದೋ ಕಣ್ಣಿನದೋ ಎಂಬುದನ್ನು ಗುರುತಿಸಲು ಈ ಪಾಠವು ನೆರವಾಗಬೇಕು.

ಪೀಠಿಕೆ: ಒಂದು ಸನ್ನಿವೇಶ

ಜತ್ತ ತಾಲ್ಲೂಕಿನ ಒಂದು ಕನ್ನಡ ಶಾಲೆಯ ಆರನೆಯ ತರಗತಿಯನ್ನು ಊಹಿಸಿಕೊಳ್ಳಬಹುದು. ಕಬ್ಬು ಕಡಿಯಲು ಹೋದ ತಂದೆತಾಯಿಯೊಂದಿಗೆ ಊರು ಬಿಟ್ಟಿದ್ದ ಬಾಲಕಿಯೊಬ್ಬಳು ಸುಗ್ಗಿ ಮುಗಿದ ಮೇಲೆ ಶಾಲೆಗೆ ಮರಳಿದ್ದಾಳೆ. ವರ್ಷಕ್ಕೊಮ್ಮೆ ಬರುವ ಆರೋಗ್ಯ ತಪಾಸಣೆಯ ತಂಡವು ಅವಳು ಊರಲ್ಲಿಲ್ಲದ ದಿನಗಳಲ್ಲೇ ಬಂದು ಹೋಗಿದೆ. ಕರಿಹಲಗೆಯ ಮೇಲೆ ‘ಮಠ, ಕಥೆ, ವಿಷಯ, ಧನ’ ಎಂದು ಬರೆದುದನ್ನು ಅವಳು ತನ್ನ ನೋಟುಬುಕ್ಕಿನಲ್ಲಿ ‘ಮರ, ಕಧೆ, ವಿಪಯ, ದನ’ ಎಂದು ಇಳಿಸಿಕೊಳ್ಳುತ್ತಾಳೆ. ಆರು ತಿಂಗಳು ಶಾಲೆ ತಪ್ಪಿದ್ದರಿಂದ ಅಕ್ಷರ ಮರೆತಿದ್ದಾಳೆ ಎಂದು ಒಬ್ಬ ಶಿಕ್ಷಕರು ಭಾವಿಸುತ್ತಾರೆ. ಸುತ್ತಲೂ ಮರಾಠಿ ಇರುವುದರಿಂದ ಕನ್ನಡ ಕೆಟ್ಟಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಅವಳ ತಾಯಿ ಮಾತ್ರ ಬೇರೆಯದೇ ಪ್ರಶ್ನೆ ಕೇಳುತ್ತಾಳೆ: “ಸರ್ರ, ಮನ್ಯಾಗ ಪುಸ್ತಕ ಚಂದ ಓದತಾಳ್ರಿ. ಸಾಲ್ಯಾಗ ಹಲಗಿ ಮ್ಯಾಲಿಂದು ಅಷ್ಟ ತಪ್ಪ ಬರೀತಾಳಂದ್ರ ಹೆಂಗ್ರಿ?”

ತಾಯಿಯ ಈ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಉಳಿದರ್ಧವನ್ನು ಕಂಡುಕೊಳ್ಳುವುದು ಈ ಪಾಠದ ಕೆಲಸ.

ಕಿವಿಯ ತಪ್ಪು ಮತ್ತು ಕಣ್ಣಿನ ತಪ್ಪು

ಗಡಿನಾಡಿನ ಕನ್ನಡ ತರಗತಿಯಲ್ಲಿ ಮಗುವಿನ ತಪ್ಪಿಗೆ ನೆರೆಭಾಷೆಯ ಪ್ರಭಾವವೇ ಕಾರಣವೆಂದು ಹೇಳುವುದು ಸುಲಭ. ಅಂಥ ಪ್ರಭಾವ ಇಲ್ಲವೆಂದಲ್ಲ. ಆದರೆ ಅದು ಹೆಚ್ಚಾಗಿ ಉಚ್ಚಾರಣೆಯ ದಾರಿಯಿಂದ ಬರುತ್ತದೆ. ತಮಿಳು ಲಿಪಿಯಲ್ಲಿ ವರ್ಗದ ಮೊದಲ ನಾಲ್ಕು ವ್ಯಂಜನಗಳಿಗೆ ಒಂದೇ ಅಕ್ಷರವಿರುವುದರಿಂದ ತಾಳವಾಡಿಯ ಮಗು ‘ಧನ’ವನ್ನು ‘ತನ’ ಎಂದು ಬರೆದರೆ ಅದನ್ನು ನೆರೆಭಾಷೆಯ ಪ್ರಭಾವವೆಂದು ಹೇಳಲು ಆಧಾರವಿದೆ. ಮಹಾಪ್ರಾಣವನ್ನು ಉಚ್ಚರಿಸದ ಮನೆಯ ಮಗು ‘ಮಠ’ವನ್ನು ‘ಮಟ’ ಎಂದೂ ‘ಕಥೆ’ಯನ್ನು ‘ಕತೆ’ ಎಂದೂ ‘ವಿಷಯ’ವನ್ನು ‘ವಿಶಯ’ ಎಂದೂ ಬರೆಯಬಹುದು. ಇವೆಲ್ಲ ಕಿವಿಯ ತಪ್ಪುಗಳು.

‘ಮಠ’ವು ‘ಮರ’ವಾಗುವುದು ಕಿವಿಯಿಂದ ಆಗುವ ತಪ್ಪಲ್ಲ. ಠ ಮತ್ತು ರ ಅಕ್ಷರಗಳ ಧ್ವನಿಗೆ ಯಾವ ಹೋಲಿಕೆಯೂ ಇಲ್ಲ. ಹೋಲಿಕೆ ಇರುವುದು ಆಕಾರದಲ್ಲಿ. ನಡುವಿನ ಚುಕ್ಕೆ ಕಾಣದಿದ್ದರೆ ಠ ಎಂಬುದು ರ ಆಗಿಬಿಡುತ್ತದೆ. ಹಾಗೆಯೇ ಒಳಗಿನ ಗೆರೆ ಕಾಣದಿದ್ದರೆ ಷ ಎಂಬುದು ಪ ಆಗುತ್ತದೆ. ಥ ಅಕ್ಷರದ ಚುಕ್ಕೆ ಅಳಿದರೆ ಧ, ಧ ಅಕ್ಷರದ ಅಡಿಯ ಸಣ್ಣ ಸೀಳು ಅಳಿದರೆ ದ. ಕನ್ನಡ ಲಿಪಿಯಲ್ಲಿ ಅರ್ಥವನ್ನು ಬದಲಿಸುವ ಗುರುತುಗಳು ಹಲವು ಕಡೆ ಬಹಳ ಚಿಕ್ಕವು. ಅಕ್ಷರದ ದುಂಡಾದ ಒಡಲು ಕಂಡರೂ ಅದರೊಳಗಿನ ಚುಕ್ಕೆ, ಅಡಿಯ ಸೀಳು, ಕೆಳಗಿನ ಒತ್ತು ಕಾಣದಿರಬಹುದು.

ಆದ್ದರಿಂದ ಶಿಕ್ಷಕರು ಮಗುವಿನ ತಪ್ಪುಗಳನ್ನು ಒಂದು ವಾರ ಪಟ್ಟಿ ಮಾಡಬೇಕು. ತಪ್ಪು ಧ್ವನಿಯನ್ನು ಅನುಸರಿಸಿದೆಯೋ ಆಕಾರವನ್ನು ಅನುಸರಿಸಿದೆಯೋ ನೋಡಬೇಕು. ಆಕಾರದ ತಪ್ಪುಗಳು ಹೆಚ್ಚಿದ್ದರೆ ಅದೇ ಪದಗಳನ್ನು ಪುಸ್ತಕದ ಅಳತೆಯಲ್ಲಿ ಬರೆದು ಹತ್ತಿರದಿಂದ ಓದಿಸಬೇಕು. ಹತ್ತಿರದಲ್ಲಿ ಸರಿ, ಹಲಗೆಯಲ್ಲಿ ತಪ್ಪು ಎಂದಾದರೆ ಸಮೀಪದೃಷ್ಟಿ ದೋಷದ ಸಂಶಯ ಬಲವಾಗುತ್ತದೆ. ಎರಡೂ ಕಡೆ ತಪ್ಪಾದರೆ ಅಕ್ಷರಜ್ಞಾನದ ಕೊರತೆಯಿರಬಹುದು, ಓದಿನ ಬೇರೆ ತೊಡಕಿರಬಹುದು, ದೂರದೃಷ್ಟಿ ದೋಷವೂ ಇರಬಹುದು. ಎಲ್ಲ ಸಂದರ್ಭಗಳಲ್ಲಿಯೂ ಕಣ್ಣನ್ನು ಅಳೆದು ನೋಡುವುದೇ ಮೊದಲ ಹೆಜ್ಜೆ.

ದೃಷ್ಟಿಯ ಅಳತೆ ಹುಟ್ಟಿದ ಬಗೆ

ಕಣ್ಣಾಸ್ಪತ್ರೆಯ ಗೋಡೆಯ ಮೇಲೆ ಕಾಣುವ, ಮೇಲಿನಿಂದ ಕೆಳಕ್ಕೆ ಚಿಕ್ಕದಾಗುತ್ತ ಹೋಗುವ ಅಕ್ಷರಗಳ ಫಲಕವನ್ನು 1862ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರದ ನೇತ್ರವೈದ್ಯ ಹರ್ಮನ್ ಸ್ನೆಲ್ಲೆನ್ ಪ್ರಕಟಿಸಿದನು. ಅದರ ಹಿಂದಿನ ತತ್ತ್ವ ಸರಳವಾದುದು. ಒಂದು ಡಿಗ್ರಿ ಕೋನವನ್ನು 60 ಭಾಗ ಮಾಡಿದರೆ ಒಂದೊಂದು ಭಾಗವೂ ಒಂದು ನಿಮಿಷ. ಒಂದು ನಿಮಿಷದ ಕೋನದಷ್ಟು ಚಿಕ್ಕ ವಿವರವನ್ನು ಬೇರ್ಪಡಿಸಿ ಕಾಣಬಲ್ಲ ಕಣ್ಣನ್ನು ಸಾಮಾನ್ಯ ದೃಷ್ಟಿಯ ಕಣ್ಣೆಂದು ಹಿಡಿಯಲಾಯಿತು. ಅಕ್ಷರದ ಎತ್ತರ 5 ನಿಮಿಷ, ಅದರ ಒಂದೊಂದು ಗೆರೆಯ ದಪ್ಪ 1 ನಿಮಿಷ ಇರುವಂತೆ ಫಲಕವನ್ನು ರಚಿಸಲಾಯಿತು. 6 ಮೀಟರ್ ದೂರದಲ್ಲಿ ಇಂಥ ಅಕ್ಷರದ ಎತ್ತರ ಸುಮಾರು 8.7 ಮಿ.ಮೀ. ಆಗುತ್ತದೆ.

‘6/6’ ಎಂಬ ಬರಹದ ಅರ್ಥವೂ ಇದರಿಂದ ತಿಳಿಯುತ್ತದೆ. ಮೇಲಿನ ಸಂಖ್ಯೆ ಪರೀಕ್ಷೆಯ ದೂರ. ಕೆಳಗಿನದು ಅದೇ ಸಾಲನ್ನು ಸಾಮಾನ್ಯ ದೃಷ್ಟಿಯವರು ಗುರುತಿಸಬಲ್ಲ ದೂರ. ಒಬ್ಬ ಬಾಲಕನ ದೃಷ್ಟಿ 6/36 ಎಂದರೆ, ಇತರರು 36 ಮೀಟರ್ ದೂರದಿಂದ ಗುರುತಿಸುವುದನ್ನು ಅವನು 6 ಮೀಟರ್ ಸಮೀಪಕ್ಕೆ ಬಂದು ಗುರುತಿಸುತ್ತಾನೆ ಎಂದರ್ಥ. ಅಂಥ ಬಾಲಕನು ಹಲಗೆಯಿಂದ 6 ಮೀಟರ್ ದೂರದ ಕೊನೆಯ ಸಾಲಿನಲ್ಲಿ ಕುಳಿತರೆ ಸುಮಾರು 1 ಸೆಂ.ಮೀ.ಗಿಂತ ಚಿಕ್ಕ ವಿವರಗಳು ಅವನಿಗೆ ಬೇರೆಯಾಗಿ ಕಾಣವು. ಶಿಕ್ಷಕರು 5 ಸೆಂ.ಮೀ. ಎತ್ತರಕ್ಕೆ ದೊಡ್ಡದಾಗಿಯೇ ಬರೆದರೂ ಠ ಅಕ್ಷರದ ಚುಕ್ಕೆ ಅಷ್ಟು ದೊಡ್ಡದಿರುವುದಿಲ್ಲ. ಒಡಲು ಕಾಣುತ್ತದೆ, ಚುಕ್ಕೆ ಕಾಣುವುದಿಲ್ಲ, ‘ಮಠ’ವು ‘ಮರ’ವಾಗುತ್ತದೆ.

ಲಿಪಿಯ ಹಂಗಿಲ್ಲದ ಗುರುತು

ಅಕ್ಷರಗಳ ಫಲಕಕ್ಕೆ ಒಂದು ಮಿತಿಯಿದೆ. ಅಕ್ಷರ ಗೊತ್ತಿಲ್ಲದವರನ್ನು ಅದು ಅಳೆಯಲಾರದು. ಕನ್ನಡ ಮಾಧ್ಯಮದ ಮಗುವಿನ ಮುಂದೆ ಇಂಗ್ಲಿಷ್, ಮಲಯಾಳಂ ಅಥವಾ ತೆಲುಗು ಫಲಕವನ್ನಿಟ್ಟರೆ ಅದರ ಮೌನಕ್ಕೆ ಕಾರಣ ಕಣ್ಣೋ ಲಿಪಿಯೋ ತಿಳಿಯದು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಕನ್ನಡದ ಫಲಕವೂ ನಿಷ್ಪ್ರಯೋಜಕ. ಇದಕ್ಕೆ ಪರಿಹಾರವಾಗಿ ಇಂಗ್ಲಿಷಿನ ‘ಇ’ ಅಕ್ಷರದ ಆಕಾರದ ಗುರುತು ಬಳಕೆಗೆ ಬಂದಿತು. ಮೂರು ಹಲ್ಲಿನ ಬಾಚಣಿಗೆಯಂತಿರುವ ಈ ಗುರುತನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿಸಿ ತೋರಿಸಲಾಗುತ್ತದೆ. ನೋಡುವವರು ಹಲ್ಲುಗಳು ಯಾವ ಕಡೆಗಿವೆ ಎಂಬುದನ್ನು ಕೈಯಿಂದ ತೋರಿಸಿದರೆ ಸಾಕು. ಬಾಯಿ ತೆರೆಯಬೇಕಿಲ್ಲ, ಎಡಬಲಗಳ ಹೆಸರೂ ಬೇಕಿಲ್ಲ. ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಭಾಷೆ ಬಳಸುವ ಊರುಗಳಿಗೆ ಇದಕ್ಕಿಂತ ಒಪ್ಪುವ ಪರೀಕ್ಷೆ ಇನ್ನೊಂದಿಲ್ಲ.

ಫಲಕವು ಮೊಬೈಲಿಗೆ ಬಂದುದು

ಇದೇ ಗುರುತನ್ನು ಮೊಬೈಲಿನ ಪರದೆಯ ಮೇಲೆ ತೋರಿಸುವ ‘ಪೀಕ್ ಅಕ್ಯುಯಿಟಿ’ ಎಂಬ ಆ್ಯಪನ್ನು ಕೀನ್ಯಾ ದೇಶದ ನಕೂರು ಪ್ರದೇಶದಲ್ಲಿ ಪರೀಕ್ಷಿಸಿ, ಫಲಿತಾಂಶಗಳನ್ನು 2015ರಲ್ಲಿ ಪ್ರಕಟಿಸಲಾಯಿತು. ಜನರ ಮನೆಗಳಲ್ಲೇ ಮೊಬೈಲಿನಿಂದ ಅಳೆದ ದೃಷ್ಟಿಯು ಆಸ್ಪತ್ರೆಯ ಫಲಕದ ಅಳತೆಗೆ ಹತ್ತಿರವಾಗಿಯೇ ಇತ್ತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ‘ಡಬ್ಲ್ಯೂಎಚ್ಒ ಐಸ್’ ಎಂಬ ಉಚಿತ ಆ್ಯಪನ್ನು ಹೊರತಂದಿತು.

ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದುದು ಕೀನ್ಯಾದ ಇನ್ನೊಂದು ಅಧ್ಯಯನವನ್ನು. 2018ರಲ್ಲಿ ಪ್ರಕಟವಾದ ಈ ಅಧ್ಯಯನವು 50 ಶಾಲೆಗಳ ಸುಮಾರು 20,000 ಮಕ್ಕಳನ್ನು ಒಳಗೊಂಡಿತ್ತು. ಅರ್ಧದಷ್ಟು ಶಾಲೆಗಳಲ್ಲಿ ಶಿಕ್ಷಕರು ಮೊಬೈಲಿನಿಂದ ಕಣ್ಣು ಪರೀಕ್ಷಿಸಿದರು. ದೋಷ ಕಂಡ ಮಗುವಿಗೆ ಹಲಗೆ ಹೇಗೆ ಮಸುಕಾಗಿ ಕಾಣುತ್ತದೆ ಎಂಬುದನ್ನು ಚಿತ್ರದ ಮೂಲಕ ತೋರಿಸಲಾಯಿತು. ಪಾಲಕರಿಗೆ ಮತ್ತೆಮತ್ತೆ ಸಂದೇಶ ಹೋಯಿತು. ಉಳಿದ ಶಾಲೆಗಳಲ್ಲಿ ಹಳೆಯ ಫಲಕ ಮತ್ತು ಚೀಟಿಯ ಕ್ರಮವೇ ನಡೆಯಿತು. ಮೊದಲ ಗುಂಪಿನಲ್ಲಿ ದೋಷ ಕಂಡ ಮಕ್ಕಳ ಪೈಕಿ ನೂರಕ್ಕೆ 54 ಮಂದಿ ಆಸ್ಪತ್ರೆ ತಲುಪಿದರು. ಎರಡನೆಯ ಗುಂಪಿನಲ್ಲಿ 22 ಮಂದಿ ಮಾತ್ರ. ದೋಷವನ್ನು ಕಂಡುಹಿಡಿದರೆ ಕೆಲಸ ಮುಗಿಯಲಿಲ್ಲ. ಮಗು ವೈದ್ಯರ ಬಳಿಗೆ ಹೋಗುವವರೆಗೆ ಬೆನ್ನುಹತ್ತಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮನೆಯಲ್ಲಿ ಪರೀಕ್ಷೆ ನಡೆಸುವ ಕ್ರಮ

ಆ್ಯಪ್ ಇಲ್ಲದಿದ್ದರೂ, ಇಂಟರ್ನೆಟ್ ಸಿಗದಿದ್ದರೂ ಈ ಪರೀಕ್ಷೆ ಸಾಧ್ಯ. ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಿಂದ ಬಾಚಣಿಗೆ ಗುರುತನ್ನು ಬರೆದು ಅದರ ಫೋಟೋ ತೆಗೆದುಕೊಂಡರೆ ಸಾಕು. ಗುರುತು ಐದು ಮನೆ ಉದ್ದ, ಐದು ಮನೆ ಅಗಲದ ಚೌಕದಲ್ಲಿರಬೇಕು. ಒಂದೊಂದು ಹಲ್ಲೂ ಹಲ್ಲುಗಳ ನಡುವಿನ ಒಂದೊಂದು ಖಾಲಿ ಜಾಗವೂ ಒಂದು ಮನೆಯಷ್ಟಿರಬೇಕು. ಚೌಕಳಿ ನೋಟುಬುಕ್ಕಿನ ಹಾಳೆ ಇದಕ್ಕೆ ಅನುಕೂಲ.

1. ಅಳತೆ: ಫೋಟೋವನ್ನು ಪರದೆಯ ಮೇಲೆ ಹಿಗ್ಗಿಸುತ್ತಲೋ ಕುಗ್ಗಿಸುತ್ತಲೋ ಗುರುತಿನ ಎತ್ತರವನ್ನು ಸ್ಕೇಲಿನಿಂದ ಅಳೆದು ಹೊಂದಿಸಬೇಕು. 3 ಮೀಟರ್ ದೂರಕ್ಕೆ ಬೇಕಾದ ಎತ್ತರಗಳು ಹೀಗಿವೆ: 6/60ಕ್ಕೆ 43.6 ಮಿ.ಮೀ., 6/36ಕ್ಕೆ 26.2, 6/24ಕ್ಕೆ 17.5, 6/18ಕ್ಕೆ 13.1, 6/12ಕ್ಕೆ 8.7, 6/9ಕ್ಕೆ 6.5, 6/6ಕ್ಕೆ 4.4 ಮಿ.ಮೀ. ಕೆಲವು ಆ್ಯಪ್‌ಗಳು ಪರದೆಯ ಮೇಲೆ ಎಟಿಎಂ ಕಾರ್ಡನ್ನು ಇರಿಸಿ ಅಳತೆ ಹೊಂದಿಸಲು ಹೇಳುತ್ತವೆ. ಎಲ್ಲ ಬ್ಯಾಂಕುಗಳ ಕಾರ್ಡಿನ ಉದ್ದವೂ 85.6 ಮಿ.ಮೀ. ಇರುವುದೇ ಅದಕ್ಕೆ ಕಾರಣ. ಕಾರ್ಡಿನ ಅಳತೆ ಮಾತ್ರ ಬೇಕು. ಅದರ ಸಂಖ್ಯೆಯನ್ನು ಯಾವ ಆ್ಯಪಿಗೂ ಕೊಡಬಾರದು.

2. ದೂರ: ಹೆಜ್ಜೆಯ ಅಂದಾಜು ಸಾಲದು. ಅಳತೆ ಟೇಪಿನಿಂದ 3 ಮೀಟರ್ ಅಳೆದು ನೆಲಕ್ಕೆ ಸುಣ್ಣದ ಗೆರೆ ಹಾಕಬೇಕು. ಮಗು ಅರ್ಧ ಮೀಟರ್ ಮುಂದೆ ಬಾಗಿದರೂ ಫಲಿತಾಂಶ ಬದಲಾಗುತ್ತದೆ.

3. ಬೆಳಕು: ಪರದೆಯ ಬೆಳಕನ್ನು ಪೂರ್ತಿ ಹೆಚ್ಚಿಸಬೇಕು. ರಾತ್ರಿಯ ಹಳದಿ ಬೆಳಕಿನ ವ್ಯವಸ್ಥೆಯನ್ನು ನಿಲ್ಲಿಸಬೇಕು. ಕಿಟಕಿಯ ಪ್ರತಿಬಿಂಬ ಪರದೆಯ ಮೇಲೆ ಬೀಳಬಾರದು. ಫೋನು ತಿರುಗಿಸಿದಾಗ ಚಿತ್ರವೂ ತಾನೇ ತಿರುಗುವ ಸೌಲಭ್ಯವನ್ನು ನಿಲ್ಲಿಸಿದರೆ, ಫೋನನ್ನೇ ನಾಲ್ಕು ದಿಕ್ಕಿಗೆ ತಿರುಗಿಸಿ ತೋರಿಸಬಹುದು.

4. ಒಂದೊಂದೇ ಕಣ್ಣು: ಮೊದಲು ಹತ್ತಿರದಲ್ಲಿ ದೊಡ್ಡ ಗುರುತು ತೋರಿಸಿ ಆಟ ಅರ್ಥವಾಗಿದೆಯೇ ನೋಡಬೇಕು. ಅನಂತರ ಒಂದು ಕಣ್ಣನ್ನು ಬೊಗಸೆಯಂತೆ ಬಾಗಿಸಿದ ಅಂಗೈಯಿಂದ ಮುಚ್ಚಿಸಬೇಕು. ಕಣ್ಣುಗುಡ್ಡೆಯನ್ನು ಒತ್ತಬಾರದು, ಬೆರಳ ಸಂದಿಯಿಂದ ಇಣುಕಬಾರದು. ಕನ್ನಡಕ ಇರುವವರು ಅದನ್ನು ಧರಿಸಿಯೇ ನೋಡಬೇಕು. ಕಣ್ಣು ಕಿರಿದು ಮಾಡಿ ನೋಡಲು ಬಿಡಬಾರದು.

5. ಎಣಿಕೆ: ಒಂದೊಂದು ಅಳತೆಯಲ್ಲೂ ಐದು ಸಲ ದಿಕ್ಕು ಬದಲಿಸಿ ತೋರಿಸಬೇಕು. ನಾಲ್ಕು ಅಥವಾ ಐದು ಸರಿಯಾದರೆ ಆ ಅಳತೆ ಕಂಡಿತೆಂದು ಬರೆದುಕೊಳ್ಳಬೇಕು. ಕಾಣದೆ ಸುಮ್ಮನೆ ಊಹಿಸುವವನು ಐದರಲ್ಲಿ ನಾಲ್ಕನ್ನಾದರೂ ಸರಿಯಾಗಿ ಹೇಳುವ ಸಂಭವ 64ರಲ್ಲಿ ಒಂದು ಮಾತ್ರ. ‘ಸರಿ’, ‘ತಪ್ಪು’ ಎಂದು ನಡುವೆ ಹೇಳಬಾರದು. ಮಕ್ಕಳು ಪರೀಕ್ಷಿಸುವವರ ಮುಖ ನೋಡಿ ಉತ್ತರ ತಿದ್ದಿಕೊಳ್ಳುತ್ತಾರೆ.

ಫಲಿತಾಂಶವನ್ನು ತಿಳಿಯುವ ಬಗೆ

ಯಾವುದೇ ಒಂದು ಕಣ್ಣಿಗೆ 6/9ರ ಗುರುತು ಕಾಣದಿದ್ದರೆ ಇನ್ನೊಂದು ದಿನ ಮತ್ತೆ ಪರೀಕ್ಷಿಸಬೇಕು. ಆಗಲೂ ಕಾಣದಿದ್ದರೆ ನೇತ್ರವೈದ್ಯರಿಗೆ ತೋರಿಸಬೇಕು. ಎರಡು ಕಣ್ಣುಗಳ ನಡುವೆ ಎರಡು ಅಳತೆಗಳಷ್ಟು ಅಂತರವಿದ್ದರೂ ತೋರಿಸಬೇಕು. ಒಂದು ಕಣ್ಣು ಚೆನ್ನಾಗಿದ್ದರೆ ಮಗು ಎಂದೂ ದೂರು ಹೇಳುವುದಿಲ್ಲ. ಇನ್ನೊಂದು ಕಣ್ಣು ಮಸುಕೆಂಬುದು ಅದಕ್ಕೇ ಗೊತ್ತಿರುವುದಿಲ್ಲ. ಮಿದುಳು ಆ ಮಸುಕಾದ ಕಣ್ಣಿನ ನೋಟವನ್ನು ಕಡೆಗಣಿಸತೊಡಗಿದರೆ ಅದು ‘ಸೋಮಾರಿ ಕಣ್ಣು’ ಆಗುತ್ತದೆ. ಇದರ ಚಿಕಿತ್ಸೆ ಏಳು ವರ್ಷಕ್ಕೆ ಮುಂಚೆ ಆರಂಭವಾದರೆ ಹೆಚ್ಚು ಫಲಕಾರಿ. ಆದ್ದರಿಂದ ವಿದ್ಯಾರ್ಥಿಗಳು ಮನೆಯ ಪರೀಕ್ಷೆಯಲ್ಲಿ ತಮ್ಮ ತಮ್ಮಂದಿರನ್ನೂ ತಂಗಿಯರನ್ನೂ ಮರೆಯಬಾರದು. ಮೆಳ್ಳೆಗಣ್ಣನ್ನು ‘ಅದೃಷ್ಟದ ಕಣ್ಣು’ ಎಂದು ಬಿಡುವ ರೂಢಿ ಕೆಲವೆಡೆ ಇದೆ. ಅಂಥ ಮಗುವನ್ನು ಯಾವ ಪರೀಕ್ಷೆಗೂ ಕಾಯದೆ ವೈದ್ಯರ ಬಳಿಗೆ ಕಳುಹಿಸಬೇಕು.

ಮಸುಕಾಗಿ ಕಂಡವರಿಗೆ ಇನ್ನೊಂದು ಸಣ್ಣ ಪ್ರಯೋಗ ಮಾಡಿಸಬಹುದು. ದಪ್ಪ ರಟ್ಟಿನಲ್ಲಿ ಸುಮಾರು 1 ಮಿ.ಮೀ. ರಂಧ್ರ ಮಾಡಿ ಅದರ ಮೂಲಕ ಗುರುತನ್ನು ನೋಡಿಸಬೇಕು. ಆಗ ಸ್ಪಷ್ಟವಾಗಿ ಕಂಡರೆ ಕನ್ನಡಕದಿಂದ ಸರಿಹೋಗುವ ದೋಷವಿರುವ ಸಾಧ್ಯತೆ ಹೆಚ್ಚು. ಮಕ್ಕಳು ಕಣ್ಣು ಕಿರಿದು ಮಾಡಿ ಹಲಗೆ ನೋಡುವುದರ ಗುಟ್ಟೂ ಇದೇ.

ಮೊಬೈಲಿಗೆ ಕಾಣದ ದೋಷಗಳು

6/6 ಬಂದರೆ ಕಣ್ಣು ಆರೋಗ್ಯವಾಗಿದೆ ಎಂದು ತೀರ್ಮಾನಿಸಬಾರದು. ಗ್ಲಾಕೋಮಾ ರೋಗದಲ್ಲಿ ಸಾಮಾನ್ಯವಾಗಿ ಮೊದಲು ಕುಂದುವುದು ಬದಿಯ ನೋಟ. ನಡುವಿನ ನೋಟ ಬಹುಕಾಲ ಚೆನ್ನಾಗಿಯೇ ಇರಬಹುದು. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ ಆಗುವ ಹಾನಿಯೂ ಆರಂಭದಲ್ಲಿ ಅಳತೆಗೆ ಸಿಗದು. ಮಕ್ಕಳ ಕಣ್ಣಿನ ಮಸೂರಕ್ಕೆ ಹೊಂದಿಕೊಳ್ಳುವ ಶಕ್ತಿ ಹೆಚ್ಚಿರುವುದರಿಂದ ದೂರದೃಷ್ಟಿ ದೋಷವಿದ್ದೂ ಮಗು ಎಲ್ಲ ಗುರುತುಗಳನ್ನು ಸರಿಯಾಗಿ ಹೇಳಬಹುದು. ಓದುವಾಗ ತಲೆನೋವು, ಕಣ್ಣುರಿ, ಸಾಲು ತಪ್ಪುವುದು ಮುಂತಾದವು ಅದರ ಸೂಚನೆಗಳು. ಹತ್ತಿರದ ನೋಟದ ಪರೀಕ್ಷೆಯಲ್ಲಿ ಪರದೆಯದೇ ಮಿತಿಯೂ ಇದೆ. 40 ಸೆಂ.ಮೀ. ದೂರದಲ್ಲಿ ಅತಿ ಚಿಕ್ಕ ಗುರುತಿನ ಗೆರೆ ಸುಮಾರು 0.12 ಮಿ.ಮೀ. ಇರಬೇಕು, ಅನೇಕ ಫೋನುಗಳಲ್ಲಿ ಅದು ಒಂದೆರಡು ಚುಕ್ಕೆಗಳಷ್ಟೇ ಆಗಿ ಗುರುತಿನ ಆಕಾರವೇ ಕೆಡುತ್ತದೆ.

ಕನ್ನಡಕದ ಸಂಖ್ಯೆಯನ್ನೂ ಈ ಪರೀಕ್ಷೆಯಿಂದ ನಿರ್ಧರಿಸಲಾಗದು. ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ದೃಷ್ಟಿ ಒಮ್ಮೆಲೇ ಕುಂದಿದರೆ, ಮಗುವಿನ ಕಣ್ಣುಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ಮೊಬೈಲು ಹಿಡಿದು ಕಾಲ ಕಳೆಯಬಾರದು; ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಶಿಕ್ಷಕರಿಗೆ ಸೂಚನೆ

ಭಾರತದಲ್ಲಿ 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಅಂಗವಾಗಿ ಶಾಲಾ ಮಕ್ಕಳ ಕಣ್ಣಿನ ತಪಾಸಣೆ ನಡೆಯುತ್ತದೆ. ಅಗತ್ಯವುಳ್ಳ ಬಡ ಮಕ್ಕಳಿಗೆ ಉಚಿತ ಕನ್ನಡಕವೂ ದೊರೆಯುತ್ತದೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಭೇಟಿ ನೀಡುತ್ತಿವೆ. ಇವು ಕೇಂದ್ರದ ಯೋಜನೆಗಳಾದುದರಿಂದ ಗಡಿಯ ಯಾವ ಬದಿಯ ಕನ್ನಡ ಶಾಲೆಗೂ ಅನ್ವಯಿಸುತ್ತವೆ. ತಂಡ ಬಂದ ದಿನ ಗೈರುಹಾಜರಾದ ಮಕ್ಕಳ ಪಟ್ಟಿಯನ್ನು ಪ್ರತ್ಯೇಕವಾಗಿಟ್ಟು, ಅವರ ಮನೆಗಳಲ್ಲಿ ಈ ಪರೀಕ್ಷೆಯನ್ನು ಮೊದಲು ಮಾಡಿಸಬೇಕು. ಫಲಿತಾಂಶದ ಚೀಟಿಯನ್ನು ಕನ್ನಡದಲ್ಲಿಯೂ ಆಯಾ ರಾಜ್ಯದ ಭಾಷೆಯಲ್ಲಿಯೂ ಬರೆಯಬೇಕು. ಕನ್ನಡ ಓದುವ ತಾಯಿಗೆ ಒಂದು ಬೇಕು, ತಾಲ್ಲೂಕು ಆಸ್ಪತ್ರೆಯ ಸಿಬ್ಬಂದಿಗೆ ಇನ್ನೊಂದು ಬೇಕು. ಎರಡು ವಾರದ ಬಳಿಕ ಆಸ್ಪತ್ರೆಗೆ ಹೋದರೇ ಎಂದು ವಿಚಾರಿಸುವುದನ್ನು ಮರೆಯಬಾರದು. ಕನ್ನಡಕ ಬಂದ ಮೇಲೆ ತರಗತಿಯಲ್ಲಿ ಯಾರೂ ಅಡ್ಡಹೆಸರು ಹಿಡಿದು ಕರೆಯದಂತೆ ನೋಡಿಕೊಳ್ಳಬೇಕು; ಅಪಹಾಸ್ಯಕ್ಕೆ ಅಂಜಿ ಕನ್ನಡಕವನ್ನು ಚೀಲದಲ್ಲೇ ಇಡುವ ಮಕ್ಕಳಿದ್ದಾರೆ.

ಪೀಠಿಕೆಯ ಬಾಲಕಿಯ ವಿಷಯಕ್ಕೆ ಮರಳಿದರೆ, ಅವಳ ತಾಯಿಯ ಪ್ರಶ್ನೆಗೆ ಉತ್ತರ ಕೊಡಲು ಒಂದು ಫೋನು, ಒಂದು ಸ್ಕೇಲು, ಮೂರು ಮೀಟರ್ ಅಂಗಳ ಸಾಕಾಗುತ್ತದೆ. ವೈದ್ಯರನ್ನು ಕಾಣುವವರೆಗೆ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು. ಹಲಗೆಯ ಮೇಲೆ ಬರೆದುದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಅವಳ ಕನ್ನಡದ ಬಗ್ಗೆ ಯಾವ ತೀರ್ಪನ್ನೂ ಅಲ್ಲಿಯವರೆಗೆ ಬರೆಯಬಾರದು.

ಮೌಲ್ಯಮಾಪನ

1. 6 ಮೀಟರ್ ದೂರದ ಫಲಕದಲ್ಲಿ 6/6ರ ಗುರುತಿನ ಎತ್ತರ 8.7 ಮಿ.ಮೀ. ಇದ್ದರೆ, 2 ಮೀಟರ್ ದೂರಕ್ಕೆ ಅದು ಎಷ್ಟಿರಬೇಕು? ಲೆಕ್ಕ ಮಾಡಿರಿ.
2. ‘ಮಠ’ವನ್ನು ‘ಮಟ’ ಎಂದು ಬರೆದ ವಿದ್ಯಾರ್ಥಿಗೂ ‘ಮರ’ ಎಂದು ಬರೆದ ವಿದ್ಯಾರ್ಥಿಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
3. ಒಂದು ಸಣ್ಣ ಗುರುತು ಕಾಣದಿದ್ದರೆ ಬೇರೆ ಅಕ್ಷರವಾಗಿಬಿಡುವ ಕನ್ನಡ ಅಕ್ಷರಗಳ ಐದು ಜೋಡಿಗಳನ್ನು ಪಟ್ಟಿ ಮಾಡಿರಿ.
4. ಮನೆಯ ಮೂವರ ಕಣ್ಣನ್ನು ಪರೀಕ್ಷಿಸಿ, ಬಲಗಣ್ಣು ಮತ್ತು ಎಡಗಣ್ಣಿನ ಅಳತೆಗಳನ್ನು ಕೋಷ್ಟಕದಲ್ಲಿ ಬರೆಯಿರಿ. ಯಾರು ವೈದ್ಯರನ್ನು ಕಾಣಬೇಕು? ಕಾರಣ ಕೊಡಿರಿ.
5. “ಮೊಬೈಲಿನಲ್ಲಿ 6/6 ಬಂತು, ಇನ್ನು ಕಣ್ಣಿನ ವೈದ್ಯರ ಅಗತ್ಯವಿಲ್ಲ” ಎನ್ನುವ ಅಜ್ಜನಿಗೆ ತಿಳಿಯುವಂತೆ ಐದು ವಾಕ್ಯಗಳಲ್ಲಿ ಉತ್ತರಿಸಿರಿ.